ಹೊರತಾದ ಊರು

ಹೊಸವರ್ಷದ ದಿನ ಉಡುಗೊರೆ ಕೊಡುವುದು ಲೂಯಿಸಿಯಾನದ ದೊಡ್ಡಮನೆಗಳ ಪದ್ಧತಿ. ಆ ವರ್ಷ ನಮ್ಮ ಮದಾಮ್ ಶಾಂಬ್ರಲ್ ತನ್ನ ಅಳಿಯನಿಗೆ ಬೆಳ್ಳಿಯ ನಶ್ಯದ ಡಬ್ಬಿ ಕೊಟ್ಟಳು, ಮಗಳಿಗೆ ನನ್ನ ಅಕ್ಕನ ಮಗಳು ಅಝೆಲಿಯನ್ನು ಕೊಟ್ಟಳು. ಹುಡುಗಿಯ ತಲೆಗೆ ನೀಲಿ ರಿಬ್ಬನ್ ಕಟ್ಟಿ ಕಳಿಸು ಎಂದು ಹೆತ್ತವಳಿಗೇ ಹೇಳಿದರು. ನನ್ನ ಅಕ್ಕ ಓರ್ಫೀಸ್ ಕಟ್ಟಿದಳು. ಗಂಟು ಅಂದವಾಗಿಲ್ಲವೆಂದು ಬಿಚ್ಚಿಸಿ ಮತ್ತೆ ಕಟ್ಟಿಸಿದರು. ನಾನು ಅಡುಗೆಮನೆಯಲ್ಲಿ ಬಾತುಕೋಳಿ ಸುಡುತ್ತಿದ್ದೆ. ಉಪ್ಪು ಹಾಕಿದೆನೋ ಬೂದಿ ಹಾಕಿದೆನೋ ನನಗೆ ತಿಳಿಯಲಿಲ್ಲ. ತಿಂದವರು ಮಾತ್ರ ಬೆರಳು ಚೀಪಿದರು.

ಗುಲಾಮರಿಗೆ ಇದೇನು ಹೊಸದಲ್ಲ. ಕಬ್ಬಿನ ಗದ್ದೆ, ಗಾಣ, ಹೇಸರಗತ್ತೆ, ಅವುಗಳ ಜೊತೆ ನಾವು. ಆದರೆ ಈ ಸಲ ಹುಡುಗಿ ಪಕ್ಕದ ಕೋಣೆಗೆ ಹೋಗುವುದಾಗಿರಲಿಲ್ಲ. ಯುದ್ಧ ನಡೆದಿತ್ತು, ಉತ್ತರದ ಸೈನ್ಯ ನಮ್ಮ ನದಿಯ ದಂಡೆಗೇ ಬಂದು ಡೇರೆ ಹಾಕಿತ್ತು. ಆಳುಗಳು ಕೈತಪ್ಪಿ ಹೋದಾರೆಂದು ಅಳಿಯ ವಾಲ್ಸಾನ್ ಹೆಂಡತಿಯನ್ನೂ ಅವಳ ಆಸ್ತಿಯನ್ನೂ ಉತ್ತರದವರು ಇನ್ನೂ ಮುಟ್ಟದ ಟೆಕ್ಸಸ್‌ಗೆ ಸಾಗಿಸುವವನಿದ್ದ. ಹಾಗೆ ಹೋದವರಲ್ಲಿ ಒಬ್ಬರೂ ತಿರುಗಿ ಬಂದದ್ದನ್ನು ನಾವು ಕಂಡಿರಲಿಲ್ಲ. ರಸ್ತೆಯ ಕೆಸರು ಒಣಗಲಿ ಎಂದು ಅವನು ಕಾಯುತ್ತಿದ್ದ. ಒಣಗದಿರಲಿ ಎಂದು ಅಕ್ಕ ದಿನವೂ ದೇವರನ್ನು ಬೇಡುತ್ತಿದ್ದಳು.

ಒಂದು ಭಾನುವಾರ ಗಾಣದ ಅಂಗಳದಲ್ಲಿ ನಾವು ಪ್ರಾರ್ಥನೆಗೆ ಸೇರಿದ್ದೆವು. ಪಾದ್ರಿ ನಮ್ಮ ಕಡೆಗೆ ಬರುವುದು ಅಪರೂಪ. ಮುದುಕ ಉರ್ಸಿನ್ ಒಬ್ಬೊಬ್ಬ ಸಂತರ ಹೆಸರು ಹಿಡಿದು ಜಪ ಹೇಳುತ್ತಿದ್ದ, ಪ್ರತಿ ಹೆಸರಿಗೂ ನಾವು “ನಮಗಾಗಿ ಪ್ರಾರ್ಥಿಸಿ” ಎಂದು ಸೊಲ್ಲು ಹೇಳುತ್ತಿದ್ದೆವು. ಆಗ ಉತ್ತರದವರ ಡೇರೆಯಿಂದ ಮೊಟ್ಟೆ ಕೇಳಿಕೊಂಡು ಬರುತ್ತಿದ್ದ ಕೆಂಪುಕೂದಲಿನ ಸಿಪಾಯಿ ಒಂದು ಪತ್ರಿಕೆ ಹಿಡಿದು ಬಂದ. ಕಲ್ಲಿನ ಮೇಲೆ ಹತ್ತಿ ನಿಂತು, ಯಾರೂ ಕೇಳದಿದ್ದರೂ ಓದತೊಡಗಿದ. ನಮ್ಮದು ಫ್ರೆಂಚ್ ಬೆರೆತ ಮಾತು, ಅವನದು ಬರೀ ಇಂಗ್ಲಿಷು. ಗಾಡಿಯ ಚಕ್ರ ಜಲ್ಲಿಯ ಮೇಲೆ ಉರುಳಿದ ಹಾಗೆ ಕೇಳುತ್ತಿತ್ತು.

“ಏನಂತೆ ತಾತ, ಇವ್ನ ಗಲಾಟೆ?” ಎಂದೆ.

“ಲಿಂಕನ್ ಕಾಗ್ದ ಕಣೇ. ಫ್ರೀ ಅಂದ, ಕೇಳಿಸ್ಲಿಲ್ವಾ? ಸುಮ್ನಿರು, ಸ್ವಲ್ಪ ಬಾಯ್ ಮುಚ್ಕೊಂಡು ಕೇಳು.”

ಸಿಪಾಯಿ ಓದುತ್ತ ಹೋದ. ಲೂಯಿಸಿಯಾನಾ ಎಂದ. ಆಮೇಲೆ ಏನೋ ಒಂದು ಸಣ್ಣ ಮಾತು ಹೇಳಿದ. ಅದರ ಹಿಂದೆಯೇ, “ಸೇಂಟ್ ಬರ್ನಾರ್ಡ್,” ಎಂದ.

ನಮ್ಮ ಕಡೆ ಜಿಲ್ಲೆಗೆ ಪ್ಯಾರಿಷ್ ಅನ್ನುತ್ತಾರೆ, ಪಾದ್ರಿಯ ವ್ಯಾಪ್ತಿಗೂ ಪ್ಯಾರಿಷ್ ಅನ್ನುತ್ತಾರೆ, ಎರಡಕ್ಕೂ ಸಂತರ ಹೆಸರೇ. ಉರ್ಸಿನ್‌ಗೆ ಅಭ್ಯಾಸಬಲ. ಹೆಸರು ಕಿವಿಗೆ ಬಿದ್ದದ್ದೇ, “ನಮಗಾಗಿ ಪ್ರಾರ್ಥಿಸಿ,” ಎಂದ. ನಾವೂ ಅಂದೆವು. ಆಮೇಲೆ ಜೆಫರ್ಸನ್ ಎಂಬ ಹೆಸರು ಬಂತು. ಅದೂ ಒಂದು ಜಿಲ್ಲೆಯೆಂದು ಹೊಲದವರಿಗೆ ಏನು ಗೊತ್ತು. ಉತ್ತರದವರ ಸಂತನಿರಬೇಕೆಂದು ಅವನಿಗೂ ಪ್ರಾರ್ಥಿಸಿದೆವು. ಸೇಂಟ್ ಜಾನ್, ಸೇಂಟ್ ಚಾರ್ಲ್ಸ್, ಸೇಂಟ್ ಜೇಮ್ಸ್. ಅಷ್ಟರಲ್ಲಿ ಎಲ್ಲರೂ ಮೊಣಕಾಲೂರಿದ್ದರು. ಸಿಪಾಯಿಗೂ ಏನನ್ನಿಸಿತೋ, ಟೋಪಿ ತೆಗೆದು ಎದೆಗೊತ್ತಿಕೊಂಡ. ಆಮೇಲೆ “ಅಸೆನ್ಶನ್” ಎಂದ. ಅದು ನಮ್ಮದು. ನಾವಿದ್ದ ಪ್ಯಾರಿಷ್. ಅಕ್ಕ ಬಾಗಿ ನೆಲಕ್ಕೆ ಮುತ್ತಿಟ್ಟಳು. ಅವಳನ್ನು ನೋಡಿ ನಾನೂ ಅತ್ತೆ.

ಮಧ್ಯಾಹ್ನ ಅವಳು ಅಡುಗೆಮನೆಗೆ ಬಂದಳು. ಮುಖದಲ್ಲಿ ಬೇರೆಯೇ ಕಳೆ.

“ಅಝೆಲೀನ ನಾಳೆ ಕರ್ಕೊಂಡ್ ಹೋಗ್ತೀನಿ, ಉಡೋಕ್ಸಿ. ಸಿಪಾಯಿಗಳ ಡೇರೆಗೆ.”

“ಹೋಗೋದಾದ್ರೆ ಜೌಗಿನ ಕಾಡಲ್ಲಿ ಹೋಗಕ್ಕಾ. ಹೇಗೋ ಪಕ್ಕದ ಪ್ಯಾರಿಷ್‌ಗೆ, ಇಬರ್ವಿಲ್ ಕಡೆ ದಾಟ್ಕೊಂಡ್ರೆ ಆಯ್ತು. ಅಲ್ಲಿ ಎಷ್ಟೋ ಜನ ಅವಿತ್ಕೊಂಡಿದಾರೆ.”

“ಯಾಕ್ ಅವಿತ್ಕೋಬೇಕು? ನಮ್ಮೂರ ಹೆಸ್ರೇ ಹಿಡ್ದು ಹೇಳಿಲ್ವಾ ಅವ್ನು? ಇಷ್ಟ್ ದೊಡ್ಡ ದೇಶದಲ್ಲಿ ನಮ್ ಹೆಸ್ರು ಯಾಕ್ ತಗೋತಿದ್ದ?”

“ಏನೋಪ್ಪ. ನಂಗೆ ದಿಗಿಲು.”

“ನಿಂಗೆ ನಿನ್ ನೆರಳು ಕಂಡ್ರೂ ದಿಗಿಲು. ಬಿಡುಗಡೆ ಆದೋಳು ಕಳ್ಳಿ ಹಾಗೆ ಹೋಗಲ್ಲ. ಮುಂಬಾಗ್ಲಿಂದ ಹೋಗ್ತೀನಿ.”

ಹಾಗೆಯೇ ಹೋದಳು. ಬೆಳಿಗ್ಗೆ ಮದಾಮ್ ಕಾಫಿ ಕುಡಿಯುತ್ತಿರುವಾಗ, ಮಗಳ ಕೈ ಹಿಡಿದು ಮುಂಬಾಗಿಲಿನ ಮೆಟ್ಟಿಲು ಇಳಿದಳು. ತಲೆಯ ಮೇಲೆ ಇಸ್ತ್ರಿ ಮಾಡಿದ ವಸ್ತ್ರ, ಬೆನ್ನು ನೆಟ್ಟಗೆ. ನಾನು ಮೊಟ್ಟೆಯ ಬುಟ್ಟಿಯ ನೆಪ ಮಾಡಿಕೊಂಡು ಹಿಂದೆ ಹೊರಟೆ. ಮೇಸ್ತ್ರಿ ಬಾಯಿ ಬಿಟ್ಟುಕೊಂಡು ನಿಂತಿದ್ದ, ಆಮೇಲೆ ಮನೆಯ ಕಡೆ ಓಡಿದ. ಅವಳ ನಡಿಗೆ ನೋಡಿ ನನಗೆ ಹೆಮ್ಮೆಯಾಯಿತು. ಇವತ್ತಿಗೂ ಆಗುತ್ತದೆ, ಸಂಕಟದ ಜೊತೆಗೇ.

ಡೇರೆಯ ಮುಂದೆ ಮೇಜು ಹಾಕಿಕೊಂಡು ಅಧಿಕಾರಿ ಕೂತಿದ್ದ. ಪಕ್ಕದಲ್ಲಿ ಇಯಾಸಿಂತ್. ಅವನು ನಮ್ಮ ಬಣ್ಣದವನೇ, ಆದರೆ ಹುಟ್ಟಿನಿಂದ ಯಾರ ಆಳೂ ಅಲ್ಲ. ಮೊದಲು ಸಕ್ಕರೆಗೆ ಪೀಪಾಯಿ ಮಾಡಿಕೊಡುತ್ತಿದ್ದವನು ಈಗ ಸೈನ್ಯಕ್ಕೆ ದುಭಾಷಿ.

“ಇಯಾಸಿಂತಣ್ಣ, ಇವ್ರಿಗೆ ಹೇಳು,” ಎಂದಳು ಅಕ್ಕ. “ನಾನು ಅಸೆನ್ಶನ್‌ನವ್ಳು. ಇವ್ಳು ನನ್ ಮಗ್ಳು. ನಮ್ಗೆ ಬಿಡುಗಡೆ ಆಗಿದೆ. ಇರೋಕೆ ಒಂದ್ ಜಾಗ ಕೊಡ್ಲಿ, ಕೆಲ್ಸ ಮಾಡ್ತೀವಿ.”

ಇಯಾಸಿಂತ್ ಅದನ್ನು ಇಂಗ್ಲಿಷಿನಲ್ಲಿ ಹೇಳಲೇ ಇಲ್ಲ. ಅವಳ ಮುಖ ನೋಡಿದ, ನನ್ನ ಮುಖ ನೋಡಿದ.

“ಯಾರಮ್ಮ ನಿಂಗೆ ಹೇಳಿದ್ದು?”

“ಓದಿದ್ರು. ಸಂತರ ಹೆಸ್ರೆಲ್ಲ ಹೇಳಿದ್ರು. ನಮ್ದೂ ಬಂತು.”

ಅವನು ಹಣೆ ಹಿಡಿದುಕೊಂಡ. “ಓರ್ಫೀಸ್, ಆ ಹೆಸ್ರುಗಳ ಮುಂದೆ ಒಂದು ಮಾತಿದೆ. ‘ಹೊರತು’ ಅಂತ. ಲೂಯಿಸಿಯಾನಾದಲ್ಲಿ ಬಿಡುಗಡೆ, ಇಷ್ಟು ಪ್ಯಾರಿಷ್ ಹೊರತು. ಓದಿದ್ದು ಆ ಹೊರತಾದ ಊರುಗಳನ್ನ.”

ಅಕ್ಕನಿಗೆ ಅದು ತಲೆಗೆ ಹೋಗಲಿಲ್ಲ. ನನಗೆ ಹೋಯಿತು.

“ಯಾಕಂತೆ?” ಎಂದೆ.

“ಇಲ್ಲಿ ಸೈನ್ಯ ಬಂದಾಯ್ತು, ಧಣಿಗಳು ನಿಷ್ಠೆಯಿಂದ ಇರ್ತೀವಿ ಅಂತ ಪ್ರಮಾಣ ಮಾಡಿದಾರೆ. ಅವ್ರ ಆಸ್ತಿ ಮುಟ್ಟಲ್ವಂತೆ. ತಿರುಗಿ ಬಿದ್ದೋರ ಆಳುಗಳಿಗೆ ಮಾತ್ರ ಬಿಡುಗಡೆ.”

“ಅಂದ್ರೆ ಸಿಪಾಯಿ ಇರೋ ಕಡೆ ಬಿಡುಗಡೆ ಇಲ್ಲ, ಬಿಡುಗಡೆ ಇರೋ ಕಡೆ ಸಿಪಾಯಿ ಇಲ್ಲ. ಚೆನ್ನಾಗಿ ಬರ್ದಿದಾನಪ್ಪ ನಿಮ್ ಲಿಂಕನ್ನು.”

“ನನ್ ಮೇಲೆ ಯಾಕೆ ಹಾಯ್ತೀಯ? ಬರ್ದಿದ್ದು ನಾನಾ?”

ಅಷ್ಟರಲ್ಲಿ ವಾಲ್ಸಾನ್‌ನ ಕುದುರೆಗಾಡಿ ಬಂತು. ಹಿಂದೆ ಸಾಮಾನಿನ ಬಂಡಿ. ಇನ್ನು ರಸ್ತೆ ಒಣಗುವವರೆಗೆ ಕಾಯುವುದು ಬೇಡವೆಂದು ಅವನು ತೀರ್ಮಾನ ಮಾಡಿಬಿಟ್ಟಿದ್ದ. ನದಿಯ ಮೇಲ್ಗಡೆಯ ತೋಟಕ್ಕೆ ಹೋಗುತ್ತೇನೆಂದು ಸುಳ್ಳು ಹೇಳಿ ಅಧಿಕಾರಿಗೆ ಪಾಸು ತೋರಿಸಿದ. ಸಾಲದ್ದಕ್ಕೆ ನಶ್ಯದ ಡಬ್ಬಿ ತೆಗೆದು ಅವನ ಮುಂದೆ ಹಿಡಿದ. ಇಬ್ಬರೂ ಸೀನಿದರು. ಹುಡುಗಿಯನ್ನು ಒಯ್ಯಲಿ ಎಂದು ಅಧಿಕಾರಿ ಕೈ ಬೀಸಿದ. ಅಝೆಲಿ ತಾಯಿಯ ಸೊಂಟ ಬಿಗಿಯಾಗಿ ಹಿಡಿದಿದ್ದಳು. ಬಿಡಿಸಲು ಬಂದ ಸಿಪಾಯಿಗಳಲ್ಲಿ ಕೆಂಪುಕೂದಲಿನವನೂ ಇದ್ದ. ಅವನು ನಮ್ಮ ಮುಖ ನೋಡಲಿಲ್ಲ, ಬೆರಳುಗಳನ್ನಷ್ಟೇ ಒಂದೊಂದಾಗಿ ಬಿಡಿಸಿದ. ಹುಡುಗಿಯ ಕೈಗೆ ಹಗ್ಗ ಬಿಗಿದು ಬಂಡಿಗೆ ಹತ್ತಿಸಿದರು.

ಬಂಡಿ ಹೊರಟಿತು. ಅಕ್ಕ ಇಯಾಸಿಂತ್‌ನ ತೋಳು ಹಿಡಿದಳು.

“ಟೆಕ್ಸಸ್‌ಗೆ ಯಾವ ಕಡೆಯಿಂದ ಹೋಗ್ತಾರೆ?”

“ಗಡಿಯ ಕಾಲುವೆ ದಾಟಿ, ಇಬರ್ವಿಲ್ ಮೇಲೆ.”

“ಇಬರ್ವಿಲ್ ಹೊರತಾ? ಸರಿಯಾಗಿ ನೋಡಿ ಹೇಳು.”

ಅವನು ಮೇಜಿನ ಮೇಲಿದ್ದ ಕಾಗದವನ್ನು ಬೆರಳಿಟ್ಟು ಓದಿದ. ಮತ್ತೊಮ್ಮೆ ಓದಿದ.

“ಇಲ್ಲ. ಇಬರ್ವಿಲ್ ಇದ್ರಲ್ಲಿಲ್ಲ.”

“ಅಂದ್ರೆ?”

“ಅಂದ್ರೆ... ಅಲ್ಲಿರೋರಿಗೆ ಬಿಡುಗಡೆ.”

ಅವಳು ಓಡಿದಳು. ಕೆಸರಿನಲ್ಲಿ ಬಿದ್ದು, ಎದ್ದು, ಬಂಡಿಯ ಹಿಂದೆ ಓಡುತ್ತ ಕೂಗಿದಳು. “ಅಝೆಲಿ, ಕಾಲುವೆ ದಾಟಿದ್ ಮೇಲೆ ನೀನು ಯಾರ ಆಳೂ ಅಲ್ಲ ಕಣೇ. ಕೇಳಿಸ್ತಾ? ಅಲ್ಲಿ ಯಾರಿಗಾದ್ರೂ ಹೇಳು. ಕಾಲುವೆ ದಾಟಿದ್ ಮೇಲೆ ಹೇಳು.” ಕಾವಲಿನವರು ಅವಳನ್ನು ಹಿಡಿದರು. ಹುಡುಗಿ ತಿರುಗಿ ನೋಡಿದಳು. ಚಕ್ರದ ಸದ್ದಿನಲ್ಲಿ ಅವಳಿಗೆ ಏನು ಕೇಳಿಸಿತೋ ನನಗೆ ಗೊತ್ತಿಲ್ಲ.

ನಾನು ನದಿಯ ಏರಿ ಹತ್ತಿ ನಿಂತೆ. ಅಲ್ಲಿಂದ ಗಡಿಯ ಕಾಲುವೆ ಕಾಣುತ್ತದೆ, ಅದರ ಮೇಲೊಂದು ಮರದ ಸೇತುವೆ. ಆಚೆಗೆ ಒಬ್ಬ ಸಿಪಾಯಿಯೂ ಇರಲಿಲ್ಲ, ಬರೀ ಕಬ್ಬಿನ ಕೂಳೆ.

“ದಾಟ್ತಾ?” ಎಂದು ಅಕ್ಕ ಕೆಳಗಿನಿಂದ ಕೇಳಿದಳು.

“ದಾಟ್ತು.”

ಅವಳು ಕೊಸರಾಡುವುದನ್ನು ನಿಲ್ಲಿಸಿದಳು. ಕಾವಲಿನವರು ಕೈ ಬಿಟ್ಟರು. ಕಾಗದದ ಪ್ರಕಾರ ಆ ಗಳಿಗೆಯಿಂದ ಅಝೆಲಿ ಸ್ವತಂತ್ರಳು. ಕೈಗೆ ಕಟ್ಟಿದ್ದ ಹಗ್ಗದ ಸಮೇತ ಅವಳು ಟೆಕ್ಸಸ್‌ಗೆ ಹೋದಳು, ನಾವು ಅವಳನ್ನು ಮತ್ತೆ ನೋಡಲಿಲ್ಲ.