ರಾಜಪಾರ್ಟಿಗೆ ಬಂದ ಸೋಡಾ

ಗಂಡ ಚಿಕ್ಕಬೈರಪ್ಪ ಕುಡಿಯುವುದನ್ನು ಬಿಟ್ಟ ಮೇಲೆ ಅಂಜಿನಮ್ಮನ ಮನೆಯಲ್ಲಿ ಎಲ್ಲವೂ ನೆಟ್ಟಗಾಯಿತು. ಅವನು ಪದ ಹಾಡುವುದೊಂದು ನಿಂತುಹೋಯಿತು.

ಪೀಣ್ಯದ ಹೊಲಗಳೆಲ್ಲ ಶೆಡ್ಡುಗಳಾಗುವ ಮುಂಚೆ ಅವನು ಊರ ನಾಟಕಗಳಲ್ಲಿ ರಾಜಪಾರ್ಟಿನವನು. ಅವನು ಕಂಠ ಎತ್ತಿದರೆ ಕೆರೆಯಾಚೆಯ ಹೆಂಗಸರು ಬಟ್ಟೆ ಕುಕ್ಕುವುದನ್ನು ನಿಲ್ಲಿಸುತ್ತಿದ್ದರು. ಬಣ್ಣ ಹಚ್ಚುವ ಮುಂಚೆ ಒಂದು ಲೋಟ ಸಾರಾಯಿ, ಮೊದಲ ಪದವಾದ ಮೇಲೆ ಇನ್ನೊಂದು. ಗಂಟಲು ಬಿಡಲಿ ಅಂತ ಊರವರೇ ಪ್ರೀತಿಯಿಂದ ಕೊಡುತ್ತಿದ್ದುದು. ಬರಬರುತ್ತಾ ನಾಟಕವಿಲ್ಲದ ದಿನವೂ ಗಂಟಲು ಕೇಳತೊಡಗಿತು. ಹೊಲ ಹೋಗಿ ಲೇತ್ ಮಿಷನ್ನಿನ ಕೆಲಸ ಬಂತು. ಕೈ ನಡುಗಿ ಅದೂ ಹೋಗುವ ಹಾಗಾದಾಗ ಫ್ಯಾಕ್ಟರಿಯ ಡಾಕ್ಟರು ಹಿಡಿದು ಆಸ್ಪತ್ರೆಗೆ ಸೇರಿಸಿದರು. ಅಲ್ಲಿಂದ ಬಂದವನು ತೊಟ್ಟು ಮುಟ್ಟಲಿಲ್ಲ. ಬಾಯಿಬಿಟ್ಟು ಒಂದು ಪದವನ್ನೂ ಹಾಡಲಿಲ್ಲ.

ಮುಂಚೆ ಎಷ್ಟೇ ಕುಡಿದಿದ್ದರೂ ಹಾಡಿಕೊಂಡೇ ಬರುತ್ತಿದ್ದ. ಕಳ್ಳಿಬೇಲಿಯ ತಿರುವಿನಲ್ಲಿ ದನಿ ಕೇಳಿದರೆ ಅಂಜಿನಮ್ಮನಿಗೆ ಭಯ, ಆದರೂ ಕಿವಿ ಮಾತ್ರ ಬಾಗಿಲಿನ ಕಡೆಗೇ. ಈಗ ಸದ್ದಿಲ್ಲದೆ ಬರುತ್ತಾನೆ, ಕಾಲು ತೊಳೆಯುತ್ತಾನೆ, ಉಣ್ಣುತ್ತಾನೆ, ಮಲಗುತ್ತಾನೆ. ಇಂಥ ಗಂಡನಿಗಾಗಿ ಎಷ್ಟು ದೇವರಿಗೆ ಕೈಮುಗಿದಿದ್ದಳೋ! ಆದರೂ ಸಂಜೆಯಾದರೆ ಆ ದನಿ ಬೇಕು ಅನ್ನಿಸುತ್ತಿತ್ತು. ಹಾಗನ್ನಿಸಿದ್ದಕ್ಕೆ ತನ್ನ ಮೇಲೆ ತನಗೇ ನಾಚಿಕೆಯಾಗುತ್ತಿತ್ತು.

ಆ ವರ್ಷ ಆಸ್ಪತ್ರೆಯ ನರ್ಸು ಸುಬ್ಬಲಕ್ಷ್ಮಮ್ಮ ಒಂದು ನಾಟಕ ಕಟ್ಟಿಸಿದರು. ಕುಡಿತ ಬಿಟ್ಟವನು ಮನೆಗೆ ಮರಳುವ ಕತೆ, ಆಡುವವರೂ ಬಿಟ್ಟವರೇ. ಭಾಷಣಕ್ಕೆ ನಿಲ್ಲದ ಕೂಲಿಗಳು ಹಾರ್ಮೋನಿಯಂ ಸದ್ದಿಗೆ ನಿಲ್ಲುತ್ತಾರೆ ಅಂತ ಅವರ ಲೆಕ್ಕಾಚಾರ. ಗಂಡನ ಪಾರ್ಟು ಚಿಕ್ಕಬೈರಪ್ಪನಿಗೆ ಬಂತು.

"ಮಾತಾಡ್ತೀನಿ, ಪದ ಏಳಕ್ಕಿಲ್ಲ ಮೇಡಂ," ಅಂದ ಅವನು. "ಪದ ಬಾಯಿಗ್ ಬಂದ್ರೆ ಅದರ ಹಿಂದೇನೇ ಅದೂ ಬತ್ತದೆ."

ಅವರು ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡಿದವಳು ಅಂಜಿನಮ್ಮ. ಭಾನುವಾರ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದವನ ಎದುರಿಗೆ ನಿಂತು, "ಒಂದೇ ಒಂದು ಪದ ಏಳು. ನಂಗೋಸ್ಕರ," ಅಂದಳು. ಅವನು ಅವಳ ಮುಖ ನೋಡಿದ. ಉಳಿದ ಗುಂಡಿ ಹಾಕಿಕೊಂಡು ಆಟಕ್ಕೆ ಹೊರಟ.

ಬಸ್ ಸ್ಟಾಪಿನ ಪಕ್ಕದ ಬಯಲಿನಲ್ಲಿ ಮಧ್ಯಾಹ್ನದ ಆಟ. ಫ್ಯಾಕ್ಟರಿಯವರು, ಜಲ್ಲಿ ಹೊರುವವರು, ಕಡಲೆಕಾಯಿ ಮಾರುವವರು ಸುತ್ತ ಸೇರಿದರು. ಹೆಂಡತಿಯ ಪಾರ್ಟಿನ ವೆಂಕಟರಮಣಪ್ಪ ಮೀಸೆ ಬೋಳಿಸದೆ ಸೀರೆ ಉಟ್ಟು ಬಂದಾಗ, "ಲೇ ಬೈರಪ್ಪ, ಇಂಥ ಎಂಡ್ತಿ ಇದ್ರೆ ನಾನೂ ಕುಡೀತಿದ್ದೆ ಕಣೋ!" ಅಂತ ಯಾರೋ ಕೂಗಿದರು. ಬಯಲೆಲ್ಲ ನಗು. ಆ ನಗುವಿನ ನಡುವೆ ಹಾರ್ಮೋನಿಯಂ ಎದ್ದಿತು, ಮತ್ತು ಚಿಕ್ಕಬೈರಪ್ಪ ಹಾಡಿದ.

"ಒಲೆಯ ಬೆಳಕು ಕಂಡು ಬಂದೆ, ಒಳಗೆ ಕರೆಯೇ ನನ್ನ..."

ಮೊದಲು ದನಿ ಕಿರುಗುಟ್ಟಿತು, ಆಮೇಲೆ ತೆರೆದುಕೊಂಡಿತು. ಜನರ ನಡುವೆ ಕೂತಿದ್ದ ಅಂಜಿನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅವಳಿಗಿಂತ ಜೋರಾಗಿ ಅತ್ತವನು ಹನುಮಯ್ಯ, ಹಳೆಯ ನಾಟಕಗಳ ಮಂತ್ರಿಪಾರ್ಟಿನವನು. ಪದ ಮೆಚ್ಚಿದವರು ಆಟದ ಮಧ್ಯದಲ್ಲೇ ಹೋಗಿ ಹಾಡುಗಾರನಿಗೆ ಸೋಡಾ ಕುಡಿಸುವುದು ಆ ಸೀಮೆಯ ಪದ್ಧತಿ. ಅವನು ಕುಡಿದು ಮುಗಿಸುವ ತನಕ ಹಾರ್ಮೋನಿಯಂ ಕಾಯುತ್ತದೆ; ಬೇಡ ಅಂದರೆ ಕೊಟ್ಟವನಿಗೆ ಅವಮಾನ. ಹನುಮಯ್ಯ ಎದ್ದು ಓಡಿದವನು ಗೋಲಿ ಸೋಡಾದ ಬಾಟಲಿ ಹಿಡಿದು ಬಂದ. ಜನ ಚಪ್ಪಾಳೆ ತಟ್ಟಿದರು.

ಗೋಲಿಯನ್ನು ಹಾಡುಗಾರನ ಎದುರಿಗೇ ಟಪ್ಪೆಂದು ಒಳಗೆ ತಳ್ಳಬೇಕು, ಮರ್ಯಾದೆ ಅಂದರೆ ಅದು. ಆ ಸದ್ದು ಬರಲಿಲ್ಲ. ಹನುಮಯ್ಯ ಬಾಟಲಿಯ ಬಾಯಿಗೆ ಹೆಬ್ಬೆರಳು ಒತ್ತಿಕೊಂಡೇ ಬಂದಿದ್ದ. ಅಂಥ ಹೆಬ್ಬೆರಳನ್ನು ಅಂಜಿನಮ್ಮ ಎಷ್ಟು ನಾಟಕಗಳಲ್ಲಿ ಕಂಡಿರಲಿಲ್ಲ! ಅದರೊಳಗೆ ಸೋಡಾ ಅರ್ಧ, ಸಾರಾಯಿ ಅರ್ಧ.

ಚಿಕ್ಕಬೈರಪ್ಪ ಬಾಟಲಿ ಹಿಡಿದ. ಮೂಗಿನ ಹತ್ತಿರ ಬಂತು, ನಿಂತಿತು. ಕೆಳಗಿಳಿಯಲೂ ಇಲ್ಲ, ಮೇಲೇರಲೂ ಇಲ್ಲ. ಹಾಡಿಸಿದವಳು ನಾನೇ ಅಂದುಕೊಂಡಳು ಅಂಜಿನಮ್ಮ. ಕೂಗಿದರೆ ಬಯಲಿನಲ್ಲಿ ಅವನ ಮಾನ ಹೋಗುತ್ತದೆ. ಎದ್ದು ನಿಂತಳು. ತಾಲೀಮಿನಲ್ಲಿ ಕೇಳಿ ಕಲಿತಿದ್ದ ಹೆಂಡತಿಯ ಪಾರ್ಟಿನ ಮುಂದಿನ ಸಾಲು ಅವಳ ಬಾಯಿಂದಲೇ ಬಂತು.

"ಯಾರ ದನಿಯೊ ತಿಳಿಯದಯ್ಯ, ಇನ್ನೊಮ್ಮೆ ಕೂಗೊ ಚೆನ್ನ..."

ಶ್ರುತಿಯಿಲ್ಲ, ತಾಳವಿಲ್ಲ. ಸೀರೆಯ ವೆಂಕಟರಮಣಪ್ಪ ಬಾಯಿ ತೆರೆದು ನೋಡಿದ. "ಅಸಲಿ ಎಂಡ್ತಿ ಬಂದ್ಬಿಟ್ಲು ಗುರು!" ಅಂತ ಜನ ಕುಣಿದರು. ಹಾರ್ಮೋನಿಯಂ ಅವಳ ಹಿಂದೆ ಓಡಿತು. ಅದಕ್ಕೆ ಉತ್ತರದ ಪದ ಅವನದು, ಬಿಡುವ ಹಾಗಿಲ್ಲ. ಚಿಕ್ಕಬೈರಪ್ಪ ಬಾಟಲಿಯನ್ನು ನೆಲಕ್ಕಿಟ್ಟು ಹಾಡಿದ.

ಆಟ ಮುಗಿದ ಮೇಲೆ ಸುಬ್ಬಲಕ್ಷ್ಮಮ್ಮ ಹನುಮಯ್ಯನನ್ನು ಹಿಡಿದು ಬೈದರು. "ಪದ ಅಂಗ್ ಬಂತಲ್ಲ ತಾಯಿ, ಕೈ ತಡೀನಿಲ್ಲ. ಬರೀ ಸೋಡಾಗಿಂತ ದೊಡ್ಡ ಮರ್ಯಾದೆ ಆಗ್ಲಿ ಅಂತ..." ಅಂದು ಅವನು ಇನ್ನೊಂದು ಸಲ ಅತ್ತ.

ಗಂಡ ಹೆಂಡಿರು ಇಬ್ಬರೂ ಸಂಜೆ ಕೆರೆ ಏರಿಯ ಮೇಲೆ ನಡೆದು ಬಂದರು.

"ವಾಸನೆ ಬಡೀತು ಕಣೆ," ಅಂದ ಅವನು. "ಬೇಕು ಅನ್ನಿಸ್ತು. ಇವತ್ತೂ ಬೇಕು ಅನ್ನಿಸ್ತದೆ ಅಂತ ನಂಗೇ ಗೊತ್ತಿರ್ನಿಲ್ಲ."

"ನಿನ್ ಪದ ನೆನೆಸ್ಕಂಡ್ರೆ ನಂಗೂ ಅಂಗೇ ಆಯ್ತದೆ," ಅಂದಳು. "ಇನ್ಮೇಲೆ ಕೇಳಕ್ಕಿಲ್ಲ ಬಿಡು."

ಕಳ್ಳಿಬೇಲಿಯ ತಿರುವು ಹತ್ತಿರವಾದಾಗ ಅವನು ನಿಂತ. "ನೀನು ನಡಿ ಮುಂದೆ. ಬತ್ತೀನಿ."

ಹನುಮಯ್ಯನ ಮನೆ ದೂರವಿಲ್ಲ, ಸಾರಾಯಿ ಅಂಗಡಿಯೂ ದೂರವಿಲ್ಲ. ಒಬ್ಬಳೇ ಮನೆಗೆ ಬಂದಳು. ಒಲೆ ಹಚ್ಚಿದಳು. ಅದೇ ಹಳೆಯ ಭಯ, ಕಿವಿ ಬಾಗಿಲಿನ ಕಡೆಗೇ.

ಆಗ ಬೇಲಿಯ ತಿರುವಿನಿಂದ ದನಿ ಬಂತು. "ಒಲೆಯ ಬೆಳಕು ಕಂಡು ಬಂದೆ..." ಎಲ್ಲೂ ತೊದಲಿಲ್ಲ. ಹತ್ತಿರವಾಗುತ್ತಾ ಬಾಗಿಲಿಗೇ ಬಂದು ನಿಂತಿತು.

ಅಂಜಿನಮ್ಮ ಅಗುಳಿಯ ಮೇಲೆ ಕೈಯಿಟ್ಟಳು. ತೆಗೆಯಲಿಲ್ಲ.

"ಯಾರೋ ತಿಳೀನಿಲ್ಲ," ಅಂದಳು ಒಳಗಿನಿಂದ. "ಇನ್ನೊಂದ್ ಸಲ ಕೂಗು."