ಕೃತಜ್ಞತೆಯ ಪುಟ

“ಮೊದಲೇ ಓದೋಕೆ ಕೂರಬೇಡಿ, ಪುಸ್ತಕದ ಪರಿಚಯ ಮಾಡ್ಕೊಳ್ಳಿ ಅಂದಿದ್ದಾರೆ ನಮ್ಮ ಮೇಡಂ,” ಎಂದು ಕಾಲೇಜು ಗ್ರಂಥಾಲಯದ ದಪ್ಪ ಪುಸ್ತಕವನ್ನು ತಾಟು ಚಾಪೆಯ ಮೇಲಿಟ್ಟಳು. “ಯಾರು ಬರೆದದ್ದು, ಯಾರನ್ನ ನೆನೆದಿದ್ದಾರೆ, ಒಳಗೆ ಏನೇನು ಚಿತ್ರ ಇದೆ, ಎಲ್ಲ ನೋಡ್ಕೊಂಡು ಆಮೇಲೆ ಪಾಠ.”

“ಅದೇನು ಮದುವೆ ಹೆಣ್ಣಾ, ಮನೆತನ ವಿಚಾರಿಸೋಕೆ?” ಎಂದು ಶೆಮ್ವೇಟಾ ನಕ್ಕ. ಪಕ್ಕದ ಮನೆಯವನು, ಚಹಾ ತೋಟದ ಕೂಲಿ, ಶಾಲೆಯ ಮುಖ ನೋಡಿದವನಲ್ಲ. ಇವತ್ತು ಅವನು ಇರಲೇಬೇಕೆಂದು ಅಪ್ಪನೇ ಹೇಳಿ ಕಳಿಸಿದ್ದ.

ಅಪ್ಪ ಸಿಂಗಾನೋ ನಗಲಿಲ್ಲ. ಒಗೆದ ಅಂಗಿ ತೊಟ್ಟು, ಟೋಪಿ ಇಟ್ಟುಕೊಂಡು ಕುಳಿತಿದ್ದ. ಪುಸ್ತಕ ಬರೆದವರು ಪ್ರೊಫೆಸರ್ ಕಾಟಬಾರೊ. ಅವರು ಹನ್ನೊಂದು ವರ್ಷ ಉಸಂಬರಾ ಬೆಟ್ಟದ ಕಾಡು ಸುತ್ತಿದ್ದು ಸಿಂಗಾನೋನ ಬೆನ್ನ ಹಿಂದೆ. ಯಾವ ಗಿಡ ಎಲ್ಲಿದೆ, ಯಾವಾಗ ಹೂ ಬಿಡುತ್ತದೆ, ಯಾವ ಬೇರು ಯಾವ ಕಾಯಿಲೆಗೆ, ಹೇಳಿದ್ದೆಲ್ಲ ಇವನು, ಬರೆದುಕೊಂಡದ್ದು ಅವರು. ಹೊರಡುವ ದಿನ ಭುಜ ತಟ್ಟಿ, “ನಿನ್ನ ಹೆಸರು ಪುಸ್ತಕದಲ್ಲಿ ಇರುತ್ತೆ, ಸಿಂಗಾನೋ,” ಎಂದಿದ್ದರು. ಪಾಪ, ಅದನ್ನು ಊರೆಲ್ಲ ಹೇಳಿಕೊಂಡು ತಿರುಗಿದ. ಆರು ವರ್ಷವಾದರೂ ಪುಸ್ತಕದ ಸುಳಿವಿಲ್ಲ. ಶೆಮ್ವೇಟಾ ಅವನಿಗೆ ‘ಪುಸ್ತಕದ ಸಾಹೇಬ’ ಎಂದು ಹೆಸರಿಟ್ಟ. ಸಂತೆಯಲ್ಲಿ ಚಿಕ್ಕಮಕ್ಕಳೂ ಹಾಗೇ ಕೂಗತೊಡಗಿದವು.

ಬಸ್ಸಿನಲ್ಲಿ ಐದು ಗಂಟೆ ಪುಸ್ತಕ ತೊಡೆಯ ಮೇಲೇ ಇದ್ದರೂ ತಾಟು ತೆರೆದಿರಲಿಲ್ಲ. ಅಪ್ಪನ ಎದುರೇ ತೆರೆಯಬೇಕೆಂಬ ಆಸೆ. ಕೃತಜ್ಞತೆಯ ಪುಟ ಸಿಕ್ಕಿತು. ಇಂಗ್ಲಿಷಿನದನ್ನು ಮನೆಮಾತಿಗೆ ತಿರುಗಿಸುತ್ತ ಗಟ್ಟಿಯಾಗಿ ಓದಿದಳು. ನೆರವು ಕೊಟ್ಟ ಸಂಸ್ಥೆ, ಕುಲಪತಿಗಳು, ಬೆರಳಚ್ಚು ಮಾಡಿದ ಹುಡುಗಿ, ತಾಳ್ಮೆಯ ಹೆಂಡತಿ, ಜೀಪಿನ ಡ್ರೈವರ್ ಮಾಪುಂಡಾ. ಕಾಡಿನೊಳಗೆ ಒಂದು ದಿನವೂ ಕಾಲಿಡದೆ ಜೀಪಿನಲ್ಲೇ ಗೊರಕೆ ಹೊಡೆಯುತ್ತಿದ್ದ ಮಾಪುಂಡಾ! ಕೊನೆಗೆ ‘ಮತ್ತು ಸ್ಥಳೀಯ ಜನರಿಗೆ’. ಅದರ ಕೆಳಗೆ ತಾರೀಕು. ಬಸ್ಸಿನಲ್ಲೇ ತೆರೆದು ನೋಡದ ತನ್ನದು ಎಂಥ ಮಂಕುಬುದ್ಧಿ ಅನ್ನಿಸಿತು.

“ಯಾಕೆ ನಿಲ್ಲಿಸಿದೆ?” ಎಂದ ಅಪ್ಪ.

“ಸಾಹೇಬರ ಹೆಸರು ದೊಡ್ಡದು ನೋಡು, ಹುಡುಗಿ ಬಾಯಿಗೆ ಹಿಡಿಸ್ತಿಲ್ಲ,” ಎಂದ ಶೆಮ್ವೇಟಾ.

ತಾಟುವಿಗೆ ಮೈಯೆಲ್ಲ ಉರಿಯಿತು. “ಕಾಡಿನ ಒಂದೊಂದು ಗಿಡಾನೂ ತೋರಿಸಿಕೊಟ್ಟ ಸಿಂಗಾನೋ ಇಲ್ಲದಿದ್ದರೆ ಈ ಪುಸ್ತಕವೇ ಇರ್ತಿರಲಿಲ್ಲ ಅಂತ ಬರೆದಿದ್ದಾರೆ,” ಎಂದುಬಿಟ್ಟಳು.

“ಎಲ್ಲಿ, ತೋರಿಸು.”

ಅವಳು ಮಾಪುಂಡಾನ ಹೆಸರಿನ ಕೆಳಗೆ ಬೆರಳಿಟ್ಟಳು. ಅಪ್ಪ ಬಗ್ಗಿ ನೋಡಿದ, ತುಂಬ ಹೊತ್ತು ನೋಡಿದ. ಎಲೆಗಳನ್ನು ಒತ್ತಿ ಒಣಗಿಸುವ ಹಳೇ ಪತ್ರಿಕೆಗಳ ಮೂಲೆಯಲ್ಲಿ ಸಾವಿರಾರು ಸಲ ಅವನು ತನ್ನ ಹೆಸರು ಬರೆದಿದ್ದ. ಬೇರೇನೂ ಓದಲು ಬಾರದಿದ್ದರೂ ಆ ಏಳು ಇಂಗ್ಲಿಷ್ ಅಕ್ಷರ ಅವನಿಗೆ ಗೊತ್ತು. ತಾಟು ಅದನ್ನು ಮರೆತಿದ್ದಳು.

“ಹೌದು,” ಎಂದ ಅಪ್ಪ ತಲೆ ಎತ್ತದೆ. “ಇದೇ.”

ಶೆಮ್ವೇಟಾನ ಮುಖ ಇಳಿಯಿತು. “ನನ್ನ ಬಾಯಿಗೆ ಮಣ್ಣು ಹಾಕ! ಇಷ್ಟು ವರ್ಷ ನಿನ್ನ ಆಡ್ಕೊಂಡೆನಲ್ಲೋ. ತಡಿ, ಶಾಲೆ ಮೇಷ್ಟ್ರನ್ನ ಕರ್ಕೊಂಡ್ ಬರ್ತೀನಿ. ಅವರು ಓದ್ಲಿ, ಆಡ್ಕೊಂಡೋರೆಲ್ಲ ಕೇಳ್ಲಿ.” ಬೇಡವೆನ್ನುವಷ್ಟರಲ್ಲಿ ಅಂಗಳ ದಾಟಿ, ಸಿಕ್ಕವರನ್ನೆಲ್ಲ ಕೂಗುತ್ತ ಹೊರಟೇಹೋದ.

ಅಪ್ಪ ಮಗಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪುಸ್ತಕವನ್ನು ತನ್ನತ್ತ ಎಳೆದುಕೊಂಡು ಒಂದೊಂದೇ ಹಾಳೆ ಮಗುಚಿದ. ಗಿಡಗಳನ್ನೆಲ್ಲ ಗುರುತು ಹಿಡಿದು ತಮ್ಮ ಮನೆಮಾತು ಶಾಂಬಾದ ಹೆಸರಿನಿಂದ ಮೆಲ್ಲಗೆ ಕರೆದ. ಒಂದು ಚಿತ್ರದ ಹತ್ತಿರ ಅವನ ಮಾತು ನಿಂತಿತು. ಅಗಲವಾದ ಎಲೆ, ಅದರ ಪಕ್ಕ ಚಾಚಿದ ಒಂದು ಕೈ. ಮಚ್ಚು ತಾಗಿ ಹೆಬ್ಬೆರಳಿನ ಉಗುರು ಎರಡಾಗಿ ಸೀಳಿತ್ತು.

“ಇಲ್ಲೇನಿದೆ ಓದು. ಈ ಸಲ ಇದ್ದದ್ದನ್ನೇ ಓದು.”

ತಾಟು ಚಿತ್ರದ ಕೆಳಗಿನ ಸಾಲು ಓದಿದಳು. “ಎಲೆಯ ಗಾತ್ರ ತಿಳಿಯಲೆಂದು ಪಕ್ಕದಲ್ಲಿ ಕೈ.”

“ಯಾರ ಕೈ ಅಂತ ಇಲ್ವಾ?”

“ಇಲ್ಲಪ್ಪ.”

ಕೆಳಗಿನ ದಾರಿಯಿಂದ ಜನರ ಗದ್ದಲ ಮೇಲೇರುತ್ತಿತ್ತು. ಎಲ್ಲರಿಗಿಂತ ಗಟ್ಟಿ ದನಿ ಶೆಮ್ವೇಟಾನದು. “ಅಪ್ಪಾ, ಪುಸ್ತಕ ಒಳಗಿಟ್ಟುಬಿಡ್ತೀನಿ. ವಾಪಸ್ ಕೊಡಬೇಕಾಗಿತ್ತು, ಪಟ್ಟಣಕ್ಕೆ ಕಳಿಸಿದ್ವಿ ಅನ್ನೋಣ,” ಎಂದು ತಾಟು ಅಂಗಲಾಚಿದಳು.

“ಇನ್ನೊಂದು ಸುಳ್ಳು ಬೇಡ, ಮಗಳೇ.”

ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತ ಅಂಗಳಕ್ಕೆ ಬಂದರು. ಅಪ್ಪ ಪುಸ್ತಕವನ್ನು ಬಾಗಿಲಿನ ಕಡೆ ತಿರುಗಿಸಿದ. ಆಮೇಲೆ ಚಿತ್ರದ ಪಕ್ಕದಲ್ಲಿ, ಹೆಬ್ಬೆರಳಿನ ಉಗುರು ಸೀಳಿದ ತನ್ನ ಕೈ ಚಾಚಿಟ್ಟುಕೊಂಡು ಕುಳಿತ.