ಮಗುಚಿದ ಬಟರ್ ಪೇಪರ್

ಪ್ರೆಸ್ಸಿನ ಗಾಜಿನ ಮೇಜಿನ ಕೆಳಗಿನ ಟ್ಯೂಬ್‌ಲೈಟು ಎರಡು ಸಲ ಮಿಣುಕಿ ಹತ್ತಿಕೊಂಡಿತು, ಬಟರ್ ಪೇಪರಿನ ಮೇಲೆ ಪಾದ ಎದ್ದು ಬಂತು, ಐದು ಬೆರಳು, ಹಿಮ್ಮಡಿ, ನಡುವೆ ಚಕ್ರ — ಭಾಳ ಛಲೋ ತೆಗದೀಯವ್ವಾ ನಮ್ಮ ಸಂಘದ ಗುರುತು, ಅನ್ನುತ್ತಿದ್ದಾರೆ ಪರಂಪರೆ ಸಂಘದ ಕಾರ್ಯದರ್ಶಿ ಪವಮಾನ ಮಾಸ್ತರು, ಹುಮೇರಾ ತಲೆ ಎತ್ತುವುದಿಲ್ಲ, ಅವರ ಚಪ್ಪಲಿ ನೋಡುತ್ತಾಳೆ, ಕಲ್ಲುಪುಡಿ ಕೂತು ಬೂದಿಬಣ್ಣವಾದ ಚಪ್ಪಲಿ, ಶಹಾಬಾದಿನಲ್ಲಿ ಎಲ್ಲರ ಕಾಲೂ ಒಂದೇ ಬಣ್ಣ — ಖರೆ ಒಂದು ಮಾತು, ಅನ್ನುತ್ತಾರೆ ಮಾಸ್ತರು, ಇದು ಎಡಗಾಲಲ್ಲೇನು, ಹೊಸ ಸೊಸೀನೂ ಬಲಗಾಲಿಟ್ಟು ಒಳಗ ಬರ್ತಾಳ, ನಮ್ಮ ಸಂಘ ಎಡಗಾಲಿಟ್ಟು ಬರಬೇಕೇನು, ಪ್ರೆಸ್ಸಿನ ಮಾಲಕ ಗನಿಸಾಬ ನಗುತ್ತಾನೆ, ಅದಕ್ಯಾಕ ಚಿಂತಿ ಮಾಡಾಕತ್ತೀರಿ ಸರ್, ಪೇಪರ ಮಗುಚಿದ್ರ ಬಲಗಾಲಾತು, ಕುಂದ್ರಿ, ಚಾ ಕುಡೀರಿ, ಎರಡು ಮಿನಿಟಿನ ಕೆಲಸ.

ಎಡಗಾಲೇ, ಬೇರೆ ಯಾವುದು ಬರಲು ಸಾಧ್ಯವಿತ್ತು, ಸನ್ನತಿಯ ಹೊಲದಲ್ಲಿ ಸಿಕ್ಕಿದ ಹಳೇ ಪಾದದ ಕಲ್ಲು ಅಂತ ಮಾಸ್ತರು ಕೊಟ್ಟ ಫೋಟೋದಲ್ಲಿ ಬೆರಳೇ ಇರಲಿಲ್ಲ, ಹಿಮ್ಮಡಿ, ಚಕ್ರ ಮಾತ್ರ, ಮೇಲೆ ಒಡೆದ ಅಂಚು, ಬೆರಳು ನೀನೇ ಕುಂದ್ರಿಸು ಬೇಟಿ ಅಂದಿದ್ದ ಗನಿಸಾಬ, ಅವಳು ಹೋಗಿ ಅಮ್ಮಿಯ ಮಂಚದ ಕಾಲ್ದೆಸೆಗೆ ಕೂತಿದ್ದಳು, ಚಾದರದ ಒಂದು ಕಡೆ ಉಬ್ಬು, ಇನ್ನೊಂದು ಕಡೆ ಸಪಾಟು, ಸಕ್ಕರೆ ಬೇನೆಗೆ ಗುಲ್ಬರ್ಗಾದಲ್ಲಿ ಬಲಗಾಲು ತೆಗೆದಾಗ ಹುಮೇರಾ ಏಳನೇ ಇಯತ್ತೆ, ಆಮೇಲೆ ಸಾಲಿ ಇಲ್ಲ, ಅರೀ ಪಗಲಿ, ಒಂದ ಕಾಲು ಉಳದದ, ಅದನ್ನೂ ಕಾಗದದಾಗ ಹಾಕಿ ಒಯ್ತೀಯೇನು, ಅಂದು ನಕ್ಕಿದ್ದಳು ಅಮ್ಮಿ, ನಕ್ಕು ಕೆಮ್ಮಿದ್ದಳು, ಅವಳ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು, ಹಾಗೇ ಬರೆದಳು, ಮೊನ್ನೆ ಅಮ್ಮಿ ತೀರಿದ ನಲವತ್ತನೇ ದಿನದ ಫಾತೆಹಾ ಮುಗಿಯಿತು, ಮನೆಯಲ್ಲಿ ಅವಳ ಫೋಟೋ ಒಂದೂ ಇಲ್ಲ, ಇರುವುದು ಇದೊಂದು ಕಾಲು, ಲೆಟರ್‌ಹೆಡ್ಡಿಗೆ, ಸೇಡಂ ಚಿತ್ತಾಪುರ ಚಿಂಚೋಳಿಯ ಬೋರ್ಡಿಗೆಲ್ಲ ಇದೇ ಕಾಲು ಅಂದಿದ್ದರು ಮಾಸ್ತರು, ಮಂಚ ಬಿಟ್ಟು ಇಳಿಯದವಳು ಅಷ್ಟು ಊರು ಅಡ್ಡಾಡುತ್ತಾಳೆ — ಎಡಗಾಲೇ ಇರ್ಲಿ ಮಾಸ್ತರ್ರ, ಅನ್ನಬೇಕು, ಈಗಲೇ ಅನ್ನಬೇಕು, ಯಾಕ ಅಂತ ಕೇಳಿದರೆ ಏನು ಹೇಳುವುದು, ನಿಮ್ಮ ಕಲ್ಲಿಗೆ ನಮ್ಮ ಅಮ್ಮಿಯ ಬೆರಳು ಹಚ್ಚೀನಿ ಅಂತಲೇ, ಮಗುಚು ಬೇಟಿ, ಅನ್ನುತ್ತಾನೆ ಗನಿಸಾಬ, ಹೂಂ ಅನ್ನುತ್ತದೆ ಬಾಯಿ, ಉಗುರು ಟೇಪು ಕೀಳುತ್ತದೆ, ಕೈ ಕಾಗದ ಮಗುಚುತ್ತದೆ, ಅಂಚು ಕೂಡಿಸುತ್ತದೆ, ಹೆಬ್ಬೆರಳು ಆ ಕಡೆ ಹೋಯಿತು, ಕಿರುಬೆರಳು ಈ ಕಡೆ ಬಂತು, ಈಗ ನೋಡ್ರಿ ಹ್ಯಾಂಗ ಕಳಿ ಬಂತು, ಮಾಸ್ತರರ ದನಿ ಎಲ್ಲೋ ದೂರ, ಬಲಗಾಲು, ದವಾಖಾನೆಯವರು ಎಲ್ಲಿ ಹುಗಿದರೋ ಅಂತ ಅಮ್ಮಿ ಕಡೆಯ ತನಕ ಕೇಳುತ್ತಿದ್ದ ಬಲಗಾಲು, ಗಾಜಿನ ಮೇಲೆ, ಬೆಳಕಿನಲ್ಲಿ, ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ, ಬಲಗಾಲು —